ಬಲಗೈ ಹೆಬ್ಬೆರಳಿನ ತಕರಾರು: ನಿಂಟೆಂಡೊ 3ಡಿಎಸ್‌ನ ಸರ್ಕಲ್ ಪ್ಯಾಡ್ ಪ್ರೊ, ಒಂದು ಪ್ರಕರಣ ಅಧ್ಯಯನ

ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ 3ಡಿಎಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2011ರ ಫೆಬ್ರುವರಿ 26ರಂದು, 25,000 ಯೆನ್‌ಗೆ. ಆಗಸ್ಟ್ 11ಕ್ಕೆ ಬೆಲೆ 15,000 ಯೆನ್‌ಗೆ ಇಳಿಯಿತು. ಸೆಪ್ಟೆಂಬರ್ 13ರಂದು ಕಂಪನಿ 'ಮಾನ್‌ಸ್ಟರ್ ಹಂಟರ್ 3ಜಿ' ಎಂಬ ಬೇಟೆಯ ಆಟ ಬರಲಿದೆ ಎಂದು ಘೋಷಿಸಿತು. ಅದರ ಜೊತೆಗೇ ಯಂತ್ರದ ಬಲಬದಿಗೆ ಅಂಟಿಕೊಳ್ಳುವ ಕಪ್ಪು ಪ್ಲಾಸ್ಟಿಕ್ ತೊಟ್ಟಿಲೊಂದನ್ನೂ ತೋರಿಸಿತು. ಅದರ ಮೇಲೆ ಎರಡನೆಯ ಸ್ಲೈಡ್ ಪ್ಯಾಡ್, ಅಂದರೆ ಹೆಬ್ಬೆರಳಿಂದ ಎಲ್ಲ ದಿಕ್ಕಿಗೂ ಜಾರಿಸುವ ಬಿಲ್ಲೆ, ಇತ್ತು. ಜಪಾನಿನ ಹೊರಗೆ ಅದಕ್ಕೆ ಇಟ್ಟ ಹೆಸರು ಸರ್ಕಲ್ ಪ್ಯಾಡ್ ಪ್ರೊ.

ಯಂತ್ರ ಮಾರುಕಟ್ಟೆಗೆ ಬಂದು ಏಳು ತಿಂಗಳೂ ತುಂಬಿರಲಿಲ್ಲ. ಜೂನ್ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ 43.2 ಲಕ್ಷ ಯಂತ್ರಗಳು ಕಂಪನಿಯಿಂದ ಹೊರಬಿದ್ದಿದ್ದವು. ಅಷ್ಟೂ ಯಂತ್ರಗಳಲ್ಲಿ ಇಂಥ ಜಾರುವ ಪ್ಯಾಡ್ (ಸರ್ಕಲ್ ಪ್ಯಾಡ್) ಒಂದೇ, ಅದೂ ಎಡಗಡೆ. ಹಾಗಾಗಿ ಹೊಸ ತೊಟ್ಟಿಲನ್ನು ನೋಡಿದವರು ಎರಡು ಪಾಳಯವಾದರು. 'ಮೊದಲೇ ಯಂತ್ರದೊಳಗೆ ಇರಬೇಕಾದದ್ದನ್ನು ಈಗ ಬೇರೆ ಮಾರುತ್ತಿದ್ದಾರೆ' ಎಂಬುದು ಒಂದು ಪಾಳಯದ ಮಾತು. 'ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ, ನಿಮಗೇನು ನಷ್ಟ?' ಎಂಬುದು ಇನ್ನೊಂದರದು. ಎರಡೂ ಅರ್ಧ ಮಾತ್ರ ಸರಿ. ಒಂದು ಹೆಚ್ಚುವರಿ ನಿಯಂತ್ರಣ ಉಪಯೋಗಕ್ಕೆ ಬರುವುದೋ ಇಲ್ಲವೋ ಎಂಬುದು ಅದರ ಗುಣಮಟ್ಟಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿಯ ಮೇಲೆ ನಿಂತಿರುತ್ತದೆ: ಅದು ಇಲ್ಲದವನಿಗಾಗಿ ಆಟ ಮಾಡುವವರು ಆ ಕೆಲಸವನ್ನು ಯಾವ ಬಟನ್‌ಗೆ ಒಪ್ಪಿಸಿದ್ದಾರೆ?

ತಕರಾರು ಹುಟ್ಟಿದ ಜಾಗ

ಮೂರು ಆಯಾಮದ ಆಟದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಪಾತ್ರ ನಡೆಯಬೇಕು, ಕ್ಯಾಮೆರಾ ತಿರುಗಬೇಕು. ಎರಡಕ್ಕೂ ಒಂದೊಂದು ಹೆಬ್ಬೆರಳು ಸಿಕ್ಕರೆ ತಕರಾರಿಲ್ಲ. ಟಿವಿ ಎದುರಿನ ಯಂತ್ರಗಳಲ್ಲಿ 1990ರ ದಶಕದ ಕೊನೆಯಿಂದ ಇದೇ ರೂಢಿ. ಕೈಯಂತ್ರಗಳಲ್ಲಿ ಮಾತ್ರ ಬಹುಕಾಲ ಹೆಬ್ಬೆರಳಿಂದ ಸರಿಸುವ ಅನಲಾಗ್ ಕಡ್ಡಿ ಒಂದೇ ಇತ್ತು, ಕೆಲವಕ್ಕೆ ಅದೂ ಇರಲಿಲ್ಲ.

ಸೋನಿಯ ಪಿಎಸ್‌ಪಿಯಲ್ಲಿ ಮಾನ್‌ಸ್ಟರ್ ಹಂಟರ್ ಆಡುತ್ತಿದ್ದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಎಡ ಹೆಬ್ಬೆರಳು ಅನಲಾಗ್ ಗುಂಡಿಯ ಮೇಲೆಯೇ ಇರುತ್ತದೆ. ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ಡಿ-ಪ್ಯಾಡ್ ಎಂಬ ನಾಲ್ಕು ದಿಕ್ಕಿನ ಬಟನ್ ಮೇಲೆ ಇಟ್ಟು ಕ್ಯಾಮೆರಾ ತಿರುಗಿಸುವುದು. ಗಂಟೆಗಟ್ಟಲೆ ಆಡಿದರೆ ಬೆರಳಿನ ಗೆಣ್ಣು ನೋಯುತ್ತದೆ, ಆದರೂ ಕೆಲಸ ನಡೆಯುತ್ತದೆ. ನಡೆಯಲು ಕಾರಣ ಪಿಎಸ್‌ಪಿಯ ವಿನ್ಯಾಸ. ಅದರಲ್ಲಿ ಡಿ-ಪ್ಯಾಡ್ ಮೇಲೆ, ಅನಲಾಗ್ ಗುಂಡಿ ಕೆಳಗೆ. ಮೇಲಿನಿಂದ ಇಳಿಯುವ ತೋರುಬೆರಳಿಗೆ ಡಿ-ಪ್ಯಾಡ್ ಸಹಜವಾಗಿ ಎಟುಕುತ್ತದೆ.

3ಡಿಎಸ್‌ನಲ್ಲಿ ಇದು ತಲೆಕೆಳಗು. ಸರ್ಕಲ್ ಪ್ಯಾಡ್ ಮೇಲೆ, ಡಿ-ಪ್ಯಾಡ್ ಕೆಳಗೆ. ಕೊಕ್ಕೆ ಬೆರಳು ಈಗ ಹೆಬ್ಬೆರಳನ್ನು ದಾಟಿ ಕೆಳಗಿಳಿಯಬೇಕು, ಅದು ಆಗದ ಮಾತು. ಹೆಬ್ಬೆರಳನ್ನೇ ಇಳಿಸಿದರೆ ನಡಿಗೆ ನಿಲ್ಲುತ್ತದೆ. ಮೇಲಾಗಿ 3ಡಿಎಸ್ ಕೀಲು ಇರುವ ಮಡಚು ಯಂತ್ರ. ಎಡಗೈಯ ತೋರುಬೆರಳು ಹಿಂಬದಿಯ ಎಲ್ ಬಟನ್ ಬಿಟ್ಟು ಮುಂದೆ ಬಂದರೆ ಯಂತ್ರದ ಭಾರ ಒಂದೇ ಅಂಗೈ ಮೇಲೆ ಬೀಳುತ್ತದೆ. ಪಿಎಸ್‌ಪಿಯಿಂದ ಬರುವ ಆಟಗಾರರು ತಮ್ಮ ಹಳೆಯ ಹಿಡಿತವನ್ನು ಹೊತ್ತು ತರುವಂತಿರಲಿಲ್ಲ. ಎರಡನೇ ಪ್ಯಾಡಿಗೆ ಒತ್ತಾಯ ಬಂದದ್ದು ಐಷಾರಾಮಕ್ಕಲ್ಲ, ಈ ತಲೆಕೆಳಗಾದ ಜೋಡಣೆಯಿಂದ. ಚರ್ಚೆಯಲ್ಲಿ ಈ ಅಂಶ ಹೆಚ್ಚು ಕೇಳಿಬರಲಿಲ್ಲ. 'ಎರಡು ಕಡ್ಡಿ ಬೇಕು' ಎಂಬ ಘೋಷಣೆಯಷ್ಟೇ ಕೇಳಿಸಿತು.

ಕಾಲದ ಲೆಕ್ಕವೂ ಅದಕ್ಕೆ ಇಂಬು ಕೊಟ್ಟಿತು. ಸರ್ಕಲ್ ಪ್ಯಾಡ್ ಪ್ರೊ ಮತ್ತು 'ಮಾನ್‌ಸ್ಟರ್ ಹಂಟರ್ 3ಜಿ' ಎರಡೂ ಜಪಾನಿನ ಅಂಗಡಿಗೆ ಬಂದದ್ದು 2011ರ ಡಿಸೆಂಬರ್ 10ರಂದು. ಒಂದೇ ವಾರಕ್ಕೆ, ಡಿಸೆಂಬರ್ 17ರಂದು, ಎರಡು ಅನಲಾಗ್ ಕಡ್ಡಿಗಳನ್ನು ಮೈಯಲ್ಲೇ ಹೊತ್ತ ಪ್ಲೇಸ್ಟೇಷನ್ ವೀಟಾ ಎಂಬ ಸೋನಿಯ ಹೊಸ ಕೈಯಂತ್ರ ಅದೇ ಅಂಗಡಿಗಳ ಕಪಾಟಿಗೆ ಬಂತು.

ತೊಟ್ಟಿಲಿನಲ್ಲಿ ಇದ್ದದ್ದು

ಬೆಲೆ ಜಪಾನಿನಲ್ಲಿ 1,500 ಯೆನ್, ಅಮೆರಿಕದಲ್ಲಿ 19.99 ಡಾಲರ್. ಯುರೋಪಿನಲ್ಲಿ 2012ರ ಜನವರಿ 27ರಂದು, ಅಮೆರಿಕದಲ್ಲಿ ಫೆಬ್ರುವರಿ 7ರಂದು ಬಿಡುಗಡೆ. ಅಮೆರಿಕದಲ್ಲಿ ಅದು ಸಿಗುತ್ತಿದ್ದುದು ಗೇಮ್‌ಸ್ಟಾಪ್ ಎಂಬ ಒಂದೇ ಸರಣಿ ಅಂಗಡಿಯಲ್ಲಿ. 'ಇದು ಎಲ್ಲರಿಗಲ್ಲ' ಎಂದು ಕಂಪನಿಯೇ ಹೇಳಿದಂತಾಯಿತು.

ತೊಟ್ಟಿಲು ಕೊಡುವುದು ನಾಲ್ಕು ವಸ್ತು: ಬಲಗಡೆ ಒಂದು ಸ್ಲೈಡ್ ಪ್ಯಾಡ್, ಹಿಂಬದಿಯಲ್ಲಿ ಝಡ್‌ಎಲ್, ಝಡ್‌ಆರ್, ಮತ್ತು ಇನ್ನೊಂದು ಆರ್ ಬಟನ್. ಆರ್ ಯಂತ್ರದಲ್ಲೇ ಇರುವಾಗ ಮತ್ತೊಂದು ಏಕೆ? ತೊಟ್ಟಿಲು ಬಲಕ್ಕೆ ಅಗಲಿಸುವುದರಿಂದ ಬಲಗೈ ಹೊರಕ್ಕೆ ಸರಿಯುತ್ತದೆ, ಯಂತ್ರದ ಸ್ವಂತ ಆರ್ ಬಟನ್ ತೋರುಬೆರಳಿಗೆ ದೂರವಾಗುತ್ತದೆ. ಅದಕ್ಕಾಗಿ ನಕಲಿ ಬೇಕಾಯಿತು. ಈ ನಕಲಿ ಆರ್ ಕೆಲಸ ಮಾಡುವುದು ತೊಟ್ಟಿಲನ್ನು ಗುರುತಿಸುವ ಆಟಗಳಲ್ಲಿ ಮಾತ್ರ. ಗುರುತಿಸದ ಆಟ ಹಾಕಿದಿರೋ, ಹತ್ತಿರದ ಆರ್ ಸತ್ತ ಬಟನ್, ಕೆಲಸ ಮಾಡುವ ಆರ್ ಕೈಗೆ ಸಿಗದ ಬಟನ್. ಹಾಗಾಗಿ ಆಟ ಬದಲಾದರೆ ತೊಟ್ಟಿಲನ್ನೂ ಕಳಚಬೇಕು. 'ಸದಾ ಹಾಕಿಟ್ಟರೆ ಏನಾಯಿತು' ಎಂಬ ಸಲಹೆ ನಡೆಯದಿರುವುದು ಇದರಿಂದ.

ತೊಟ್ಟಿಲಿಗೂ ಯಂತ್ರಕ್ಕೂ ನಡುವೆ ತಂತಿ ಇಲ್ಲ, ಲೋಹದ ಸಂಪರ್ಕವೂ ಇಲ್ಲ. 3ಡಿಎಸ್‌ನಲ್ಲಿ ನಿಯಂತ್ರಣಗಳನ್ನು ಹೊರಗಿನಿಂದ ಸೇರಿಸಲು ಕನೆಕ್ಟರ್ ಇಟ್ಟೇ ಇರಲಿಲ್ಲ. ಇದ್ದದ್ದು ಹಿಂಬದಿಯ ಸಣ್ಣ ಕಪ್ಪು ಕಿಟಕಿ, ಅಂದರೆ ಇನ್‌ಫ್ರಾರೆಡ್ ಪೋರ್ಟ್. ತೊಟ್ಟಿಲು ಬಟನ್ ಹಾಗೂ ಪ್ಯಾಡಿನ ಸ್ಥಿತಿಯನ್ನು ಅದರ ಮೂಲಕ ಕಳಿಸುತ್ತದೆ. ಯಂತ್ರದಿಂದ ವಿದ್ಯುತ್ ಸಿಗದ ಕಾರಣ ತೊಟ್ಟಿಲಿಗೆ ತನ್ನದೇ ಸೆಲ್ ಬೇಕು. ಒಂದು ಎಎಎ ಸೆಲ್ ಸುಮಾರು 480 ಗಂಟೆ ಬರುತ್ತದೆ ಎಂಬುದು ಕಂಪನಿಯ ಲೆಕ್ಕ. 3ಡಿಎಸ್ ತನ್ನ ಆಟಗಳನ್ನು ಆಡಿಸುವಾಗ ಒಂದು ಚಾರ್ಜಿಗೆ ಬರುವುದು 3ರಿಂದ 5 ಗಂಟೆ. ಅಂದರೆ ಯಂತ್ರವನ್ನು ತೊಂಬತ್ತು ಸಲ ಚಾರ್ಜ್ ಮಾಡುವಷ್ಟರಲ್ಲೂ ಸೆಲ್ ಬದಲಿಸುವ ಪ್ರಸಂಗ ಬಾರದು. ಕೇಳಲು ಚೆನ್ನ. ಅದೇ ಕಾರಣಕ್ಕೆ ಜನ ಸೆಲ್ ಇದೆ ಎಂಬುದನ್ನೇ ಮರೆಯುತ್ತಾರೆ. ಅದರ ಫಲ ಏನೆಂದು ಕೊನೆಯಲ್ಲಿ ನೋಡೋಣ.

ಇನ್‌ಫ್ರಾರೆಡ್ ದಾರಿಯ ಇನ್ನೊಂದು ಮಿತಿ ನಂತರ ಬಯಲಾಯಿತು. ಅಮೀಬೊ ಬೊಂಬೆಗಳನ್ನು ಓದಲು ಹಳೆಯ 3ಡಿಎಸ್‌ಗೆಂದು ಬಂದ ಎನ್‌ಎಫ್‌ಸಿ ಓದುಗ ಸಾಧನವೂ ಮಾತಾಡುವುದು ಇದೇ ಕಿಟಕಿಯ ಮೂಲಕ. ಇರುವುದು ಒಂದೇ ಕಿಟಕಿ. ತೊಟ್ಟಿಲು ಅದರ ಮುಂದೆ ಕೂತಿದ್ದರೆ ಓದುಗನಿಗೆ ಜಾಗವಿಲ್ಲ.

ಗಾತ್ರದ ಮಾತು ಬೇರೆ. ಬರೀ 3ಡಿಎಸ್ 134 ಮಿ.ಮೀ. ಅಗಲ, 235 ಗ್ರಾಂ ತೂಕ. ತೊಟ್ಟಿಲು ಸೇರಿದರೆ ಜೇಬಿಗೆ ಹೋಗುವ ಮಾತೇ ಇಲ್ಲ. ಬೆಳೆಯುವುದೂ ಬಲಕ್ಕೆ ಮಾತ್ರ, ಹಾಗಾಗಿ ಪರದೆ ಎರಡೂ ಕೈಗಳ ನಟ್ಟನಡುವೆ ಇರದೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ನೋಡಲು ವಿಕಾರ ಎಂದು ನಕ್ಕವರೇ ಹೆಚ್ಚು. ಆದರೆ ದೊಡ್ಡ ಅಂಗೈಯವರಿಗೆ ಆ ಉಬ್ಬು ಹಿಡಿತ ಬರೀ ಯಂತ್ರಕ್ಕಿಂತ ಹಿತ. ತೆಳ್ಳಗಿನ ಚೂಪು ಅಂಚು ಅಂಗೈಗೆ ಒತ್ತುವುದು ತಪ್ಪುತ್ತದೆ. ಟೀಕೆ ನೋಟದ ಬಗ್ಗೆ ಇತ್ತು, ಮೆಚ್ಚುಗೆ ಕೈಯ ಬಗ್ಗೆ. ಎರಡೂ ನಿಜ.

ಆಟಗಳು ಅದಕ್ಕೆ ಕೊಟ್ಟ ಕೆಲಸ

ಚರ್ಚೆಯನ್ನು ತೀರ್ಮಾನಿಸಬೇಕಾದ ಜಾಗ ಇದು. ಪ್ರತಿ ಆಟದಲ್ಲೂ ಕೇಳಬೇಕಾದದ್ದು: ತೊಟ್ಟಿಲು ಇಲ್ಲದಾಗ ಈ ಕೆಲಸವನ್ನು ಯಾರು ಮಾಡುತ್ತಿದ್ದರು?

'ಮಾನ್‌ಸ್ಟರ್ ಹಂಟರ್ 3ಜಿ'ಯಲ್ಲಿ ಉತ್ತರ ಮೂರು. ಯಂತ್ರದ ಡಿ-ಪ್ಯಾಡ್ ಒಂದು. ಕೆಳಗಿನ ಟಚ್ ಪರದೆಯ ಮೇಲೆ ಬೇಕಾದಲ್ಲಿ ಇಟ್ಟುಕೊಳ್ಳಬಹುದಾದ ಡಿ-ಪ್ಯಾಡಿನ ಚಿತ್ರ ಎರಡನೆಯದು, ಅದನ್ನು ಬಲ ಹೆಬ್ಬೆರಳಿಂದ ಒತ್ತಬಹುದು. ಮೂರನೆಯದು ಟಾರ್ಗೆಟ್ ಕ್ಯಾಮೆರಾ: ಕೆಳ ಪರದೆಯಲ್ಲಿ ದೈತ್ಯ ಪ್ರಾಣಿಯ ಚಿಹ್ನೆಯನ್ನು ಒಮ್ಮೆ ಮುಟ್ಟಿಟ್ಟರೆ ಎಲ್ ಒತ್ತಿದಾಗಲೆಲ್ಲ ಕ್ಯಾಮೆರಾ ಅದರತ್ತ ತಿರುಗುತ್ತದೆ. ನಾಲ್ಕನೆಯದಾಗಿ ಬಂದದ್ದು ಸರ್ಕಲ್ ಪ್ಯಾಡ್ ಪ್ರೊ. ಕತ್ತಿ ಹಿಡಿದು ಒಂದೇ ಪ್ರಾಣಿಯ ಹಿಂದೆ ಬಿದ್ದವನಿಗೆ ಟಾರ್ಗೆಟ್ ಕ್ಯಾಮೆರಾ ಸಾಕು, ಎಷ್ಟೋ ಸಲ ಪ್ಯಾಡಿಗಿಂತ ಚುರುಕು. ಎರಡು ಪ್ರಾಣಿಗಳು ಒಟ್ಟಿಗೆ ನುಗ್ಗಿದಾಗ, ಇಲ್ಲವೇ ನೀರಿನೊಳಗೆ ಮೇಲೆ ಕೆಳಗೆ ಈಜುವಾಗ, ಒಂದು ಗುರಿಗೆ ಅಂಟಿದ ಕ್ಯಾಮೆರಾ ಸಾಲದು. ಅಲ್ಲಿ ಪ್ಯಾಡ್ ಗೆಲ್ಲುತ್ತದೆ. 3ಜಿಯಲ್ಲಿ ನೀರೊಳಗಿನ ಬೇಟೆ ಸಾಕಷ್ಟಿದೆ. 2013ರ 'ಮಾನ್‌ಸ್ಟರ್ ಹಂಟರ್ 4' ನೀರೊಳಗಿನ ಕಾದಾಟವನ್ನೇ ಕೈಬಿಟ್ಟಿತು. 'ತೊಟ್ಟಿಲು ಬೇಕೇ ಬೇಕು' ಎಂಬವರೂ 'ಬೇಡವೇ ಬೇಡ' ಎಂಬವರೂ ಎಷ್ಟೋ ಸಲ ಬೇರೆ ಬೇರೆ ಆಟದ ಅನುಭವದಿಂದ ಮಾತಾಡುತ್ತಿದ್ದರು.

'ಮೆಟಲ್ ಗಿಯರ್ ಸಾಲಿಡ್: ಸ್ನೇಕ್ ಈಟರ್ 3ಡಿ'ಯ ಲೆಕ್ಕ ನೇರ. ತೊಟ್ಟಿಲು ಇಲ್ಲದಿದ್ದರೆ ಎ, ಬಿ, ಎಕ್ಸ್, ವೈ ನಾಲ್ಕೂ ಬಟನ್‌ಗಳು ಕ್ಯಾಮೆರಾ ತಿರುಗಿಸಲು ಮೀಸಲು. ಬಟನ್ ಎಂದರೆ ಒತ್ತು ಅಥವಾ ಬಿಡು, ನಡುವೆ ಏನಿಲ್ಲ. ಗುರಿ ಹಿಡಿಯುವಾಗ ಕೂದಲೆಳೆಯಷ್ಟು ಸರಿಸಬೇಕೆಂದರೂ ಒಂದೇ ವೇಗ. ಪ್ಯಾಡ್ ಬಂದರೆ ವೇಗ ಹೆಬ್ಬೆರಳು ಸರಿದ ದೂರಕ್ಕೆ ತಕ್ಕಂತೆ ಬದಲಾಗುತ್ತದೆ, ನಾಲ್ಕು ಬಟನ್‌ಗಳೂ ಬಿಡುಗಡೆಯಾಗುತ್ತವೆ. ತೊಟ್ಟಿಲಿನ ಹಣ ಸಾರ್ಥಕವಾಗುವ ಆಟ ಒಂದನ್ನು ಹೆಸರಿಸಬೇಕೆಂದರೆ ಇದು.

'ರೆಸಿಡೆಂಟ್ ಈವಿಲ್: ರೆವೆಲೇಷನ್ಸ್' ಯುರೋಪ್ ಮತ್ತು ಅಮೆರಿಕದಲ್ಲಿ ತೊಟ್ಟಿಲು ಬಂದ ದಿನವೇ ಬಿಡುಗಡೆಯಾಯಿತು. ಒಂದೇ ಪ್ಯಾಡ್ ಇದ್ದಾಗ ಗುರಿಯಿಟ್ಟ ಕೂಡಲೇ ಅದೇ ಪ್ಯಾಡ್ ನಡಿಗೆಯನ್ನು ಬಿಟ್ಟು ಬಂದೂಕಿಗೆ ದುಡಿಯಬೇಕು. ಎರಡು ಪ್ಯಾಡ್ ಇದ್ದರೆ ಹಿಂದೆ ಸರಿಯುತ್ತಲೇ ಗುರಿ ಸರಿಪಡಿಸಬಹುದು. ಇಲ್ಲಿ ತೊಟ್ಟಿಲು ಸುಲಭ ಮಾಡುವುದಷ್ಟೇ ಅಲ್ಲ, ಆಟದ ಹದವನ್ನೇ ಬದಲಿಸುತ್ತದೆ. ನಿಂತು ಹೊಡೆಯುವವನಿಗಾಗಿ ಅಳೆದು ಬಿಟ್ಟ ಶತ್ರುಗಳು ಓಡಾಡುತ್ತ ಹೊಡೆಯುವವನಿಗೆ ಸಪ್ಪೆಯಾಗಬಹುದು. ಇದನ್ನು ದೋಷ ಎನ್ನುವವರಿದ್ದಾರೆ. ಹೆದರಿಸಬೇಕಾದ ಆಟದಲ್ಲಿ ಆಟಗಾರನ ಕೈ ಸ್ವಲ್ಪ ಕಟ್ಟಿದ್ದರೇ ಚೆನ್ನ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ.

ಅತಿ ಹೆಚ್ಚು ನಿರಾಸೆ ಹುಟ್ಟಿಸಿದ್ದು 2012ರ ಮಾರ್ಚ್‌ನಲ್ಲಿ ಬಂದ 'ಕಿಡ್ ಇಕಾರಸ್: ಅಪ್‌ರೈಸಿಂಗ್'. ಈ ಆಟದಲ್ಲಿ ಎಡ ಹೆಬ್ಬೆರಳು ಸರ್ಕಲ್ ಪ್ಯಾಡಿನಲ್ಲಿ, ಎಡ ತೋರುಬೆರಳು ಎಲ್ ಮೇಲೆ, ಬಲಗೈಯಲ್ಲಿ ಸ್ಟೈಲಸ್, ಅಂದರೆ ಟಚ್ ಪರದೆಗೆ ತಾಗಿಸುವ ಪೆನ್ನು. ಯಂತ್ರದ ಇಡೀ ಭಾರ ಎಡಗೈಗೆ. ಇದನ್ನು ಅರಿತೇ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಸ್ಟ್ಯಾಂಡ್ ಕೊಟ್ಟಿದ್ದರು. ತೊಟ್ಟಿಲಿಗೆ ಬೆಂಬಲ ಇದೆ ಎಂದು ತಿಳಿದಾಗ ಜನ ಊಹಿಸಿದ್ದು ಬಲ ಪ್ಯಾಡಿನಿಂದ ಗುರಿ ಹಿಡಿಯಬಹುದು ಎಂದು. ಆಟ ಕೊಟ್ಟದ್ದು ಬೇರೆ: ಎಡಚರು ಸ್ಟೈಲಸನ್ನು ಎಡಗೈಯಲ್ಲಿ ಹಿಡಿದು ಬಲ ಪ್ಯಾಡಿನಿಂದ ನಡೆಯಬಹುದು, ಅಷ್ಟೇ. ಬೈದವರು ಬಹಳ. ಆದರೆ ಸ್ಟೈಲಸ್ಸನ್ನು ಥಟ್ಟನೆ ಎಳೆದು ದೃಷ್ಟಿ ತಿರುಗಿಸುವ ವೇಗಕ್ಕೆ ಹೊಂದಿಸಿ ಕಟ್ಟಿದ ಆಟವದು, ಸಣ್ಣ ಸ್ಲೈಡ್ ಪ್ಯಾಡ್ ಆ ವೇಗವನ್ನು ಮುಟ್ಟಲಾರದು. ಎಡಚರ ಪಾಲಿಗಂತೂ ಈ ತೊಟ್ಟಿಲು ಹೆಚ್ಚುವರಿ ಸೌಕರ್ಯವಲ್ಲ, ಉಳಿದವರಿಗೆ ಮೊದಲ ದಿನದಿಂದ ಇದ್ದ ಅನಲಾಗ್ ನಡಿಗೆ ಅವರಿಗೂ ಸಿಕ್ಕ ದಾರಿ. ಇಡೀ ಚರ್ಚೆಯಲ್ಲಿ ತೊಟ್ಟಿಲಿನ ಪರ ನಿಲ್ಲುವ ಅತಿ ಗಟ್ಟಿ ಕಾರಣ ಇದೇ. ಅತಿ ಕಡಿಮೆ ಗಮನ ಸೆಳೆದದ್ದೂ ಇದೇ.

ನಾಲ್ಕರಲ್ಲೂ ಸಮಾನವಾದ ಒಂದು ಅಂಶ ಕಾಣುತ್ತದೆ. ಹೊಸ ಪ್ಯಾಡಿಗೆ ಹೊಸ ಕೆಲಸ ಯಾರೂ ಕೊಟ್ಟಿಲ್ಲ. ಆಗಲೇ ಬೇರೆಲ್ಲೋ ನಡೆಯುತ್ತಿದ್ದ ಕೆಲಸವನ್ನು ಎತ್ತಿ ಅಲ್ಲಿಟ್ಟಿದ್ದಾರೆ. ಬೇರೆ ದಾರಿಯೂ ಇರಲಿಲ್ಲ. ತೊಟ್ಟಿಲು ಇಲ್ಲದವನಿಗೂ ಆಟ ಪೂರ್ತಿ ಆಡಲು ಬರಬೇಕೆಂದ ಮೇಲೆ ಎರಡನೇ ಪ್ಯಾಡಿನ ಮೇಲೆ ಆಟದ ತಿರುಳನ್ನು ಕಟ್ಟಲಾಗದು. ತಿರುಳು ಅಲ್ಲಿಲ್ಲದ ಕಾರಣ ಬಹುಮಂದಿ ಕೊಳ್ಳುವುದಿಲ್ಲ. ಕೊಳ್ಳದ ಕಾರಣ ಮುಂದಿನ ಆಟ ಮಾಡುವವರೂ ಅದನ್ನು ನಂಬುವುದಿಲ್ಲ. ಕಡ್ಡಾಯ ಮಾಡಿದ್ದರೆ? ಆಗಲೇ ಕೊಂಡ ಲಕ್ಷಾಂತರ ಮಂದಿಗೆ 'ನಿಮ್ಮ ಯಂತ್ರ ಅಪೂರ್ಣ' ಎಂದಂತಾಗುತ್ತಿತ್ತು, ಅದೂ ಬೆಲೆ ಇಳಿಸಿ ಒಮ್ಮೆ ಮುನಿಸು ಕಟ್ಟಿಕೊಂಡ ಒಂದು ತಿಂಗಳಿಗೆ. ಐಚ್ಛಿಕವಾಗಿ ಬಿಟ್ಟದ್ದು ಅಂದಿನ ಸ್ಥಿತಿಯಲ್ಲಿ ಸರಿ ಎಂದೇ ನಮ್ಮ ಅಭಿಪ್ರಾಯ. ತಪ್ಪು ನಡೆದದ್ದು ಅದಕ್ಕೂ ಹಿಂದೆ, ಬಲಗಡೆ ಖಾಲಿ ಬಿಟ್ಟು ಯಂತ್ರದ ಅಚ್ಚು ಹೊಯ್ದಾಗ.

ಜೋಡಿಸುವ ಕ್ರಮ, ಕೈಕೊಡುವ ರೀತಿ

ಮೊದಲು ಯಂತ್ರಕ್ಕೆ ಹಾಕಿರುವ ಗಟ್ಟಿ ಕವಚ ಅಥವಾ ಅಂಟುಚಿತ್ರ ತೆಗೆಯಿರಿ. ಒಂದೆರಡು ಮಿ.ಮೀ. ದಪ್ಪ ಹೆಚ್ಚಾದರೂ ಯಂತ್ರ ತೊಟ್ಟಿಲಿನ ತಳಕ್ಕೆ ಕೂರುವುದಿಲ್ಲ, ಎರಡು ಕಿಟಕಿಗಳು ಎದುರುಬದುರಾಗುವುದಿಲ್ಲ. ಮೂಲ 3ಡಿಎಸ್‌ನಲ್ಲಿ ಗೇಮ್ ಕಾರ್ಡಿನ ಕಿಂಡಿ, ಸ್ಟೈಲಸ್ ಎರಡೂ ಹಿಂಬದಿಯಲ್ಲಿವೆ, ವೈರ್‌ಲೆಸ್ ಸ್ವಿಚ್ ಬಲ ಅಂಚಿನಲ್ಲಿ. ತೊಟ್ಟಿಲು ಏರಿದ ಮೇಲೆ ಇವು ಕೈಗೆ ಸುಲಭಕ್ಕೆ ಸಿಗವು. ಆದ್ದರಿಂದ ಕಾರ್ಡ್ ಮೊದಲೇ ಹಾಕಿ, ಸ್ಟೈಲಸ್ ಎಳೆದು ಹೊರಗಿಡಿ, ವೈರ್‌ಲೆಸ್ ಬೇಕೋ ಬೇಡವೋ ನಿರ್ಧರಿಸಿ ಸ್ವಿಚ್ ಸರಿಸಿ. ಆಮೇಲೆ ಸೆಲ್ ಹಾಕಿ, ಯಂತ್ರವನ್ನು ತೊಟ್ಟಿಲಿಗೆ ಇಳಿಸಿ, ನಾಲ್ಕೂ ಮೂಲೆ ಒತ್ತಿ ನೋಡಿ. ಮಣಿಕಟ್ಟಿನ ಪಟ್ಟಿ ಕೊಟ್ಟಿರುವುದು ಸುಮ್ಮನೆ ಅಲ್ಲ, ಯಂತ್ರಕ್ಕೂ ತೊಟ್ಟಿಲಿಗೂ ಬೀಗ ಇಲ್ಲ.

ಇಷ್ಟಾದರೂ ಹೋಮ್ ಮೆನುವಿನಲ್ಲಿ ಪ್ಯಾಡ್ ಅಲುಗಿಸಿದರೆ ಏನೂ ಆಗದು. ಹಾಳಾಗಿದೆ ಎಂದುಕೊಳ್ಳಬೇಡಿ. ಅದು ಎಚ್ಚರಗೊಳ್ಳುವುದು ಬೆಂಬಲವಿರುವ ಆಟದೊಳಗೆ ಮಾತ್ರ, ಹಳೆಯ ಡಿಎಸ್ ಆಟಗಳಲ್ಲಂತೂ ಇಲ್ಲವೇ ಇಲ್ಲ. ಆಟದ ಆಯ್ಕೆಗಳ ಪುಟಕ್ಕೆ ಹೋಗಿ ಸರ್ಕಲ್ ಪ್ಯಾಡ್ ಪ್ರೊ ಬಳಕೆಯನ್ನು ಆನ್ ಮಾಡಿ, ಕೇಳಿದಾಗ ತೊಟ್ಟಿಲಿನ ಆರ್, ಝಡ್‌ಎಲ್ ಅಥವಾ ಝಡ್‌ಆರ್ ಒತ್ತಿ. ಮೊದಲ ಸಲ ಪ್ಯಾಡನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು: ಬೆರಳು ಬಿಟ್ಟು ಅದು ನಡುವಿಗೆ ಬರಲಿ, ಬಳಿಕ ಅಂಚಿಗೆ ತಾಗಿಸಿಕೊಂಡು ನಿಧಾನಕ್ಕೆ ಸುತ್ತು ಹಾಕಿಸಿ. ಅವಸರದಲ್ಲಿ ಸುತ್ತಿದರೆ ಒಂದು ಮಗ್ಗುಲು ಅಂಚು ಮುಟ್ಟದೆ ಉಳಿದು, ಕ್ಯಾಮೆರಾ ಆ ದಿಕ್ಕಿಗೆ ಮಾತ್ರ ನಿಧಾನವಾಗುತ್ತದೆ.

ಆಟದ ನಡುವೆ ಸಂಪರ್ಕ ಕಡಿದರೆ ಬಹುಪಾಲು ಕಾರಣ ಸೆಲ್ ಅಲ್ಲ. ಕಾದಾಟದ ಬಿರುಸಿನಲ್ಲಿ ಝಡ್‌ಆರ್ ಜೋರಾಗಿ ಒತ್ತುವಾಗ ತೊಟ್ಟಿಲು ಬಾಗಿ ಯಂತ್ರ ಒಂದು ಬದಿಯಿಂದ ಮೇಲೇಳುತ್ತದೆ, ಕಿಟಕಿಗಳು ಓರೆಯಾಗುತ್ತವೆ. ಬೆರಳ ಒತ್ತಡ ಕಡಿಮೆ ಮಾಡಿ, ಯಂತ್ರವನ್ನು ಮತ್ತೆ ಒತ್ತಿ ಕೂರಿಸಿ. ಕಿಟಕಿಯ ಮೇಲೆ ಬೆರಳಿನ ಜಿಡ್ಡು ಕೂತಿದ್ದರೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಇವೆರಡೂ ಸರಿಯಿದ್ದು ಪದೇಪದೇ ಕಡಿದರೆ ಆಗ ಸೆಲ್ ಬದಲಿಸಿ.

ಅಚ್ಚು ಬದಲಾದಾಗ

2012ರ ಜುಲೈ 28ರಂದು ಜಪಾನ್ ಮತ್ತು ಯುರೋಪಿಗೆ ದೊಡ್ಡ ಪರದೆಯ 3ಡಿಎಸ್ ಎಕ್ಸ್‌ಎಲ್ ಬಂತು. 156 ಮಿ.ಮೀ. ಅಗಲದ ಅದು ಹಳೆಯ ತೊಟ್ಟಿಲಿಗೆ ಕೂರುವುದಿಲ್ಲ. ಎರಡನೇ ಪ್ಯಾಡ್ ಅದರ ಮೈಯಲ್ಲೂ ಇರಲಿಲ್ಲ. ಎಕ್ಸ್‌ಎಲ್‌ಗೆಂದೇ ಬೇರೆ ತೊಟ್ಟಿಲು ಜಪಾನಿನಲ್ಲಿ ಆ ವರ್ಷದ ನವೆಂಬರ್ 15ಕ್ಕೆ ಬಂತು. ಉಳಿದೆಡೆ 2013ರ ಮಾರ್ಚ್‌ನವರೆಗೆ, 'ಮಾನ್‌ಸ್ಟರ್ ಹಂಟರ್ 3 ಅಲ್ಟಿಮೇಟ್' (ಜಪಾನಿನ ಹೊರಗೆ 3ಜಿಯ ಹೆಸರು) ಬರುವವರೆಗೆ, ಕಾಯಬೇಕಾಯಿತು. 2013ರ ಅಕ್ಟೋಬರಿನಲ್ಲಿ ಬಂದ ಮಡಚದ 2ಡಿಎಸ್‌ಗೆ ತೊಟ್ಟಿಲು ಬರಲೇ ಇಲ್ಲ. ಹೊರಮೈಯ ಅಳತೆಗೆ ಕಟ್ಟುಬಿದ್ದ ಸಾಧನದ ಪಾಡು ಇದು. ಡಿಎಸ್‌ನ (3ಡಿಎಸ್‌ಗಿಂತ ಹಿಂದಿನ ಯಂತ್ರ) ಗೇಮ್ ಬಾಯ್ ಅಡ್ವಾನ್ಸ್ ಕಿಂಡಿಗೆ ಸಿಕ್ಕಿಸುತ್ತಿದ್ದ 'ಗಿಟಾರ್ ಹೀರೊ: ಆನ್ ಟೂರ್' ಹಿಡಿಕೆಗೂ ಇದೇ ಗತಿಯಾಗಿತ್ತು. ಡಿಎಸ್‌ಐ ಎಂಬ ಅದರ ಮುಂದಿನ ಮಾದರಿ ಬಂದಾಗ ಕಿಂಡಿಯೇ ಮಾಯ.

ಈ ತೊಡಕಿಗೆ ಉತ್ತರ 2014ರ ಅಕ್ಟೋಬರ್ 11ರಂದು ಜಪಾನಿಗೆ, 2015ರ ಫೆಬ್ರುವರಿ 13ರಂದು ಅಮೆರಿಕ ಮತ್ತು ಯುರೋಪಿಗೆ ಬಂತು. ನ್ಯೂ 3ಡಿಎಸ್ ಝಡ್‌ಎಲ್, ಝಡ್‌ಆರ್ ಎರಡನ್ನೂ ಹಾಗೂ ಸಿ-ಸ್ಟಿಕ್ ಎಂಬ ಪುಟ್ಟ ಗುಬುಟನ್ನೂ ಮೈಯಲ್ಲೇ ಹೊತ್ತಿತ್ತು. ಸರ್ಕಲ್ ಪ್ಯಾಡ್ ಪ್ರೊಗೆಂದು ಬರೆದ ಆಟಗಳು ಸಿ-ಸ್ಟಿಕ್ಕನ್ನೂ ಹಾಗೆಯೇ ಒಪ್ಪುತ್ತವೆ. ತೊಟ್ಟಿಲಿಗಾಗಿ ಪಟ್ಟ ಶ್ರಮ ಹೀಗೆ ವ್ಯರ್ಥವಾಗದೆ ಉಳಿಯಿತು. ಆದರೆ ಸಿ-ಸ್ಟಿಕ್ ಜಾರುವುದಿಲ್ಲ, ಬೆರಳು ಒತ್ತಿದ ಬಲವನ್ನಷ್ಟೇ ಗ್ರಹಿಸುತ್ತದೆ. ಕ್ಯಾಮೆರಾ ತಿರುಗಿಸಲು ಧಾರಾಳ ಸಾಕು. ಗುರಿ ಹಿಡಿಯುವ ಆಟದಲ್ಲಿ ಹಳೆಯ ತೊಟ್ಟಿಲಿನ ಜಾರುವ ಪ್ಯಾಡೇ ಮೇಲು. ಬೆರಳು ಎಷ್ಟು ದೂರ ಹೋಯಿತು ಎಂಬ ಅರಿವು ಅದರಲ್ಲಿದೆ, ಗುಬುಟಿನಲ್ಲಿಲ್ಲ. ಇದಕ್ಕೊಂದು ವಿಚಿತ್ರ ಬಾಲವೂ ಇದೆ. 2014ರ 'ಸೂಪರ್ ಸ್ಮ್ಯಾಶ್ ಬ್ರದರ್ಸ್' 3ಡಿಎಸ್ ಆವೃತ್ತಿ ಸಿ-ಸ್ಟಿಕ್ಕನ್ನು ಗುರುತಿಸುತ್ತದೆ, ತೊಟ್ಟಿಲನ್ನು ಗುರುತಿಸುವುದಿಲ್ಲ. ತೊಟ್ಟಿಲಿನ ಆಟವೆಲ್ಲ ಸಿ-ಸ್ಟಿಕ್ಕಿಗೆ ಸರಿ, ಸಿ-ಸ್ಟಿಕ್ಕಿನ ಆಟವೆಲ್ಲ ತೊಟ್ಟಿಲಿಗೆ ಸರಿಯಲ್ಲ.

ಇದೇ ಕಾಲದಲ್ಲಿ ವೀಟಾ ಮಾಲೀಕರು ಬೇರೊಂದು ಕೊರತೆಗೆ ಮದ್ದು ಹುಡುಕುತ್ತಿದ್ದರು. ಎರಡು ಕಡ್ಡಿ ಇದ್ದರೂ ಎಲ್2, ಆರ್2 ಎಂಬ ಹಿಂಬದಿಯ ಎರಡನೇ ಜೋಡಿ ಬಟನ್ ಇರಲಿಲ್ಲ. ಸೋನಿಯ ಟಿವಿ ಯಂತ್ರ ಪಿಎಸ್4ರ ಆಟವನ್ನು ದೂರದಿಂದ ಆಡುವಾಗ ಆ ಬಟನ್‌ಗಳ ಕೆಲಸ ಹಿಂಬದಿಯ ಟಚ್ ಪ್ಯಾಡಿಗೆ ಬೀಳುತ್ತಿತ್ತು. ಬೇರೆ ತಯಾರಕರು ಮಾಡಿದ ಹಿಡಿಕೆಗಳಲ್ಲಿ ಟ್ರಿಗರ್ ಒತ್ತಿದರೆ ಹಿಂಬದಿಯ ಟಚ್ ಪ್ಯಾಡಿಗೆ ಬೆರಳು ತಾಗಿದಂತಾಗುತ್ತದೆ. ಆಟಕ್ಕೆ ಹಿಡಿಕೆ ಇದೆ ಎಂದೇ ಗೊತ್ತಿಲ್ಲ, ಬೆಂಬಲವೂ ಬೇಕಿಲ್ಲ. ಸ್ವಿಚ್‌ನ (ನಿಂಟೆಂಡೊದ ನಂತರದ ಯಂತ್ರ) ಬದಿಗೆ ಸೇರುವ ನಿಯಂತ್ರಕ ಜಾಯ್-ಕಾನ್ ಜಾಗಕ್ಕೆ ಕೂರುವ ಹೋರಿ ಕಂಪನಿಯ ಸ್ಪ್ಲಿಟ್ ಪ್ಯಾಡ್ ಪ್ರೊ ಕೂಡ ಇದೇ ಜಾತಿ. ಆಟದ ಅನುಮತಿ ಕೇಳುವುದಿಲ್ಲ, ಬದಲಿಗೆ ಅದರ ಮೂಲ ಮಾದರಿಯಲ್ಲಿ ಕಂಪನ, ಚಲನೆ ಗ್ರಹಿಸುವ ಜೈರೊ, ಎನ್‌ಎಫ್‌ಸಿ ಬಿಟ್ಟುಹೋಗಿವೆ. ಕೊಳ್ಳುವವನು ಮೊದಲು ಕೇಳಬೇಕಾದದ್ದು ಇದನ್ನೇ: ಈ ಸಾಧನ ಇರುವ ಬಟನ್‌ನ ಕೆಲಸವನ್ನು ಅನುಕರಿಸುತ್ತದೆಯೋ, ಹೊಸ ಬಟನ್ ಸೇರಿಸುತ್ತದೆಯೋ? ಅನುಕರಿಸುವುದಾದರೆ ಹಿಡಿತ ನೋಡಿ ಕೊಳ್ಳಿ. ಸೇರಿಸುವುದಾದರೆ ನಿಮ್ಮಲ್ಲಿರುವ ಆಟಗಳ ಪಟ್ಟಿ ನೋಡಿ ಕೊಳ್ಳಿ. ಮುಂದೆ ಬರುವ ಆಟಗಳನ್ನು ನಂಬಿ ಕೊಳ್ಳಬೇಡಿ.

ಈಗ ಹಳೆಯದನ್ನು ಕೊಳ್ಳುವುದಾದರೆ

3ಡಿಎಸ್ ತಯಾರಿಕೆ 2020ರಲ್ಲಿ ನಿಂತಿದೆ. 2023ರ ಮಾರ್ಚ್ 27ರಿಂದ ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್‌ನಲ್ಲಿ ಹೊಸ ಖರೀದಿಯೂ ಇಲ್ಲ. ಕಾರ್ಡ್ ರೂಪದಲ್ಲಿ ಸಿಕ್ಕ ಆಟವಷ್ಟೇ ಆಟ. ನ್ಯೂ 3ಡಿಎಸ್ ಅಥವಾ ನ್ಯೂ 2ಡಿಎಸ್ ಎಕ್ಸ್‌ಎಲ್ ಇದ್ದವರಿಗೆ ತೊಟ್ಟಿಲು ಬೇಡ, ಕೂರುವುದೂ ಇಲ್ಲ. ಮೂಲ 3ಡಿಎಸ್ ಇದ್ದರೆ ಸಣ್ಣದು, ಎಕ್ಸ್‌ಎಲ್ ಇದ್ದರೆ ಎಕ್ಸ್‌ಎಲ್‌ನದು, ಅದಲುಬದಲು ನಡೆಯದು.

ಕೈಗೆ ಬಂದ ಕೂಡಲೇ ಸೆಲ್ ಮುಚ್ಚಳ ತೆಗೆಯಿರಿ. 480 ಗಂಟೆಯ ಸೆಲ್ ಹಾಕಿ ಮರೆತವರ ತೊಟ್ಟಿಲಿನಲ್ಲಿ ಅದು ಸೋರಿ, ಸ್ಪ್ರಿಂಗ್ ಮೇಲೆ ಬಿಳಿಯ ಅಥವಾ ಹಸಿರು ಹುಡಿ ಕಟ್ಟಿರುತ್ತದೆ. ಕೈಗವಸು ಹಾಕಿ ಹಳೆಯ ಸೆಲ್ ತೆಗೆಯಿರಿ. ಹತ್ತಿ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಅದ್ದಿ ಹುಡಿಯ ಮೇಲೆ ಒತ್ತಿ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಹುಳಿ ಅದನ್ನು ತಟಸ್ಥಗೊಳಿಸುತ್ತದೆ. ನಂತರ ಇನ್ನೊಂದು ಕಡ್ಡಿಯಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಪೂರ್ತಿ ಆರಲು ಬಿಡಿ. ಸ್ಪ್ರಿಂಗ್ ಲೋಹ ಕಾಣುವಷ್ಟು ಹೊಳಪಾಗದಿದ್ದರೆ ನುಣುಪಾದ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ. ಸ್ಪ್ರಿಂಗ್ ಬುಡದಲ್ಲೇ ತುಂಡಾಗಿದ್ದರೆ ಬೆಸುಗೆ ಹಾಕಲು ಬಾರದವರು ಅಂಥದ್ದನ್ನು ಬಿಡುವುದು ಲೇಸು.

ಸೆಲ್ ಹಾಕಿ ಬೆಂಬಲವಿರುವ ಆಟವೊಂದನ್ನು ತೆರೆದು ಕ್ಯಾಮೆರಾವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ, ಬೆರಳು ಬಿಡಿ. ತಾನಾಗಿ ಸರಿಯುತ್ತಿದ್ದರೆ ಮೊದಲು ಹೊಂದಾಣಿಕೆ ಮಾಡಿ ನೋಡಿ. ಆದರೂ ಸರಿದರೆ ಪ್ಯಾಡ್ ಸವೆದಿದೆ. ಝಡ್‌ಎಲ್, ಝಡ್‌ಆರ್, ಆರ್ ಮೂರನ್ನೂ ಬೇರೆ ಬೇರೆಯಾಗಿ ಒತ್ತಿ ಪರೀಕ್ಷಿಸಿ, ಪ್ರತಿಯೊಂದೂ ಆಟದಲ್ಲಿ ಏನಾದರೂ ಮಾಡುವಂತೆ ಆಯ್ಕೆಗಳ ಪುಟದಲ್ಲಿ ಹೊಂದಿಸಿಕೊಂಡು. ಆಟ ಮುಗಿದ ದಿನ ಸೆಲ್ ಹೊರತೆಗೆದಿಡಿ.